ಹಿಲ್ಲೂರಿನ ಮರಕ್ಕೆ ವಯಸ್ಸಾಗಿಲ್ಲ

“ಅದು ಮುದಿ ಮರ. ಮುದಿಯಾದ ಮೇಲೆ ಕಾಯಿ ನಿಲ್ಲುವುದು ಲೋಕದ ರೀತಿ. ಅದಕ್ಕೆ ಯಾರನ್ನು ದೂರಿ ಏನು ಪ್ರಯೋಜನ?”

ಹಿಲ್ಲೂರಿನ ಜಡ್ಡಿಯ ಅಂಚಿನಲ್ಲಿ ಒಂಟಿಯಾಗಿ ನಿಂತಿರುವ ಮರದ ವಿಷಯ ತೆಗೆದರೆ ಯಾರ ಬಾಯಲ್ಲೂ ಈ ಮಾತೇ ಬರುತ್ತದೆ. ಚಹದಂಗಡಿಯಲ್ಲಿ ಇದನ್ನೇ ಕೇಳಿದ್ದೇನೆ, ಮದುವೆಯ ಪಂಕ್ತಿಯಲ್ಲೂ ಕೇಳಿದ್ದೇನೆ. ಮರದ ಮುಂದೆ ನೆಟ್ಟಿರುವ ಹಸಿರು ಫಲಕದಲ್ಲಿಯೂ ‘ವೃದ್ಧಾಪ್ಯದಿಂದ ಫಲ ನಿಂತಿರುವ ಅತ್ಯಪರೂಪದ ಮರ’ ಎಂದೇ ಬರೆದಿದೆ. ಫಲಕ ಬರೆಸಿದವರು ಊರವರನ್ನು ಕೇಳಿ ಬರೆಸಿದರು. ಊರವರು ಈಗ ಫಲಕವನ್ನು ತೋರಿಸಿ ಹೇಳುತ್ತಾರೆ. ಹೀಗೆ ಒಂದು ಸುಳ್ಳು ಇನ್ನೊಂದರ ಹೆಗಲ ಮೇಲೆ ಕೈ ಹಾಕಿಕೊಂಡು ಸತ್ಯದ ಹಾಗೆ ತಿರುಗಾಡುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ನಾನು ಇದನ್ನು ಒಪ್ಪುವವನಲ್ಲ. ಒಪ್ಪದಿರುವುದು ನನ್ನ ಹಳೆಯ ಚಾಳಿ ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು. ಆದರೆ ಈ ಸಂಗತಿಯಲ್ಲಿ ನನ್ನ ಸ್ವಂತದ ಹಿತಾಸಕ್ತಿಯೂ ಸ್ವಲ್ಪ ಇದೆಯೆಂದು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತು ದಾಟಿದ ಮನುಷ್ಯ ಊಟ ಬೇಡವೆಂದರೂ ವಯಸ್ಸು, ಇನ್ನೊಂದು ಹಿಡಿ ಅನ್ನ ಬೇಕೆಂದರೂ ವಯಸ್ಸು. ಗೋಡೆಯ ಗಡಿಯಾರ ನಿಂತರೆ ಹೊಸ ಸೆಲ್ ಹಾಕಿ ನೋಡುವ ಜನ, ಮುದುಕನ ವಿಷಯದಲ್ಲಿ ಮಾತ್ರ ಕಾರಣ ಹುಡುಕುವ ಗೋಜಿಗೆ ಹೋಗುವುದಿಲ್ಲ. ಮರಕ್ಕೂ ಅದೇ ಗತಿಯಾದಾಗ ನನಗೆ ತಡೆಯಲಿಲ್ಲ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಕಾರವಾರದ ಹತ್ತಿರದ ಕಿನ್ನರದವನು. ಏಳನೆಯ ತರಗತಿಗೆ ಶಾಲೆ ಬಿಟ್ಟೆ. ಆಮೇಲೆ ಸರಕಾರಿ ಬಸ್ಸಿನಲ್ಲಿ ಕಂಡಕ್ಟರನಾಗಿ, ಬಹುಕಾಲ ಅಂಕೋಲೆಯಿಂದ ಹಿಲ್ಲೂರಿಗೆ ಹೋಗಿಬರುವ ಬಸ್ಸಿನಲ್ಲಿ ಸೀಟಿ ಊದಿದೆ. ನನ್ನ ವಿದ್ಯೆಯೆಲ್ಲ ಸೀಟಿನಡಿಯಲ್ಲಿ ಸಿಕ್ಕಿದ್ದು. ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆ, ಮಕ್ಕಳು ಮರೆತ ಪಠ್ಯಪುಸ್ತಕ, ಕಡಲೆ ಕಟ್ಟಿಕೊಟ್ಟ ಹಾಳೆ, ಏನು ಸಿಕ್ಕರೂ ಓದುತ್ತಿದ್ದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಮೊದಲಿರುತ್ತಿರಲಿಲ್ಲ, ಇಲ್ಲವೇ ಕೊನೆ ಇರುತ್ತಿರಲಿಲ್ಲ. ಹರಿದ ಪುಸ್ತಕ ಓದಿ ಬೆಳೆದವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಇರುವ ಪುಟ ಏನು ಹೇಳಿದರೂ ಅವನ ಮನಸ್ಸು ಇಲ್ಲದ ಪುಟದ ಕಡೆಗೇ ಹೋಗುತ್ತದೆ.

ಹಿಲ್ಲೂರಿನ ಕೊನೆಯ ನಿಲ್ದಾಣದಲ್ಲಿ ಬಸ್ಸು ತಿರುಗಿ ನಿಂತಮೇಲೆ ಸ್ವಲ್ಪ ಹೊತ್ತು ಬಿಡುವು ಇರುತ್ತಿತ್ತು. ರಸ್ತೆಯ ಆಚೆಗೇ ಜಡ್ಡಿ. ಜಡ್ಡಿಯೆಂದರೆ ಬೇಸಿಗೆಯಲ್ಲೂ ನೀರು ಆರದ, ಕಾಲಿಟ್ಟರೆ ಕಪ್ಪು ಕೆಸರು ಮೊಣಕಾಲಿಗೆ ಬರುವ ಕಾಡಿನ ತಗ್ಗು. ಅದರ ಅಂಚಿನಲ್ಲಿ ಈ ಮರ. ಬೇರುಗಳು ನೆಲದಿಂದ ಮೇಲೆದ್ದು ಕಾಲುಗಳಂತೆ ನಿಂತಿದ್ದವು. ಕೆಸರು ತಾಗದಂತೆ ಸೀರೆ ಎತ್ತಿ ಹಿಡಿದು ಹೊಳೆ ದಾಟುವ ಹೆಂಗಸಿನ ನಿಲುವು ಅದರದು. ಅಂಕೋಲೆಯ ಕಡಲ ಕಡೆಯಿಂದ ಮೀನು ಬುಟ್ಟಿ ಹೊತ್ತು ನಮ್ಮ ಬಸ್ಸಿನಲ್ಲೇ ಬಂದ ಹೆಂಗಸರು ಆ ಬೇರುಗಳ ಮೇಲೆ ಕುಳಿತು, ಉಳಿದ ಬಂಗಡೆಯನ್ನು ಸಿಕ್ಕ ದರಕ್ಕೆ ಮಾರಿ ಮುಗಿಸುತ್ತಿದ್ದರು. ಮಳೆಗಾಲದ ಮುಂಚೆ ಮರದಡಿಯಲ್ಲಿ ಕಾಯಿ ಬಿದ್ದಿರುತ್ತಿತ್ತು. ಹೊರಗೆ ಕಂದು ತುಪ್ಪಟ, ಒಡೆದರೆ ಒಳಗೆ ಬೀಜ, ಬೀಜಕ್ಕೆ ಕೆಂಪು ಬಲೆ ಹೊದಿಸಿದಂತೆ ಪತ್ರೆ. ಊರವರು ಅದನ್ನು ಸುಮ್ಮನೆ ಮಸಾಲೆಯ ರಾಮಪತ್ರೆ ಎನ್ನುತ್ತಿದ್ದರು. ಕೆಂಪು ಬಲೆಯಿದ್ದದ್ದೆಲ್ಲ ಅವರಿಗೆ ರಾಮಪತ್ರೆಯೇ. ನಾನೂ ಒಂದು ಬೀಜವನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಯಾಕೆಂದು ಕೇಳಬೇಡಿ. ಕಂಡಕ್ಟರನ ಚೀಲಕ್ಕೆ ಏನೇನು ಬೀಳುತ್ತದೆಂದು ಅವನಿಗೇ ತಿಳಿದಿರುವುದಿಲ್ಲ.

ಎಲ್ಲ ಶುರುವಾದದ್ದು ಆ ಚೀಲದಿಂದಲೇ. ನಮ್ಮ ಮನೆಮಾತು ಕೊಂಕಣಿಯಾದರೂ ಹೆಂಡತಿ ಅಂಕೋಲೆಯವಳು, ಸಿಟ್ಟು ಬಂದಾಗ ಕನ್ನಡಕ್ಕೆ ಇಳಿಯುತ್ತಾಳೆ. ಎರಡು ವರ್ಷದ ಹಿಂದೆ ಅಟ್ಟ ಗುಡಿಸುವಾಗ ಆ ಚರ್ಮದ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಳಿದಳು.

“ಇದ ಎಂತಕ್ಕೆ ಇಟ್ಕಂಡೀರಿ? ಜಿರಲೆಗೆ ಬಾಡಿಗೆ ಮನೆ ಕಟ್ಟಿ ಕೊಟ್ಟಾಂಗೆ ಆಗದೆ.”

“ಇರಲಿ ಬಿಡೆ. ಅದರಲ್ಲಿ ನನ್ನ ಆಯುಷ್ಯ ಇದೆ.”

“ಆಯುಷ್ಯ ಇಲ್ಲ, ಒಂದ್ ಒಣಕಲು ಬೀಜ ಅದೆ. ನಿಮ್ಮಂಗೇ ಅದೆ,” ಎಂದು ಅದನ್ನು ನನ್ನ ಅಂಗೈಗೆ ಹಾಕಿದಳು.

ಆ ಬೀಜವನ್ನು ಹಿಡಿದುಕೊಂಡೇ ನಾನು ಕಾರವಾರದ ಕಾಲೇಜೊಂದರ ಮೆಟ್ಟಿಲು ಹತ್ತಿದೆ. ಸಸ್ಯಶಾಸ್ತ್ರ ಕಲಿಸುವ ಸುಜಾತಾ ಮೇಡಂ ನನ್ನನ್ನು ಯಾರೋ ವಿದ್ಯಾರ್ಥಿಯ ಅಜ್ಜನೆಂದು ತಿಳಿದು ಕುರ್ಚಿ ಕೊಟ್ಟರು. ಬೀಜವನ್ನು ನೋಡಿದ ಮೇಲೆ ತಾವೇ ಎದ್ದು ನಿಂತರು. ಎಲೆ ಎಷ್ಟುದ್ದ, ಬೇರು ಹೇಗಿದೆ, ತೊಗಟೆ ಕೆತ್ತಿದರೆ ಏನು ಬರುತ್ತದೆ ಎಂದು ಕೇಳಿದರು. ಕೆಂಪು ಹಾಲು ಬರುತ್ತದೆ, ರಕ್ತದ ಹಾಗೆ, ಎಂದೆ.

“ಅಜ್ಜಾ, ಇದು ಪೇಟೆಯಲ್ಲಿ ಮಾರೂ ರಾಮಪತ್ರೆ ಅಲ್ಲ. ಅದರ ದಾಯಾದಿ. ಜಡ್ಡಿ ಬಿಟ್ಟು ಬೇರೆ ಕಡೆ ಬದುಕೂದಿಲ್ಲ. ಜಡ್ಡಿನೇ ಈಗ ಉಳೀಲಿಲ್ಲ. ಅಂಕೋಲೆ ತಾಲೂಕಿನಲ್ಲಿ ಇದೆ ಅಂತ ನಾನಂತೂ ಎಲ್ಲೂ ಓದಿಲ್ಲ.”

ಶಾಸ್ತ್ರದ ಹೆಸರನ್ನೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಗಾಂಭೀರ್ಯದಿಂದ ಉಚ್ಚರಿಸಲು ಹೋಗಿ ನನ್ನ ಹಲ್ಲಿನ ಸೆಟ್ಟು ಕಳಚಿತು.

ಮುಂದಿನ ವಾರವೇ ಮೇಡಂ ಹಿಲ್ಲೂರಿಗೆ ಬಂದರು. ಎಲೆ, ತೊಗಟೆ, ಬೇರು ಎಲ್ಲವನ್ನೂ ನೋಡಿ, ಕೊನೆಗೆ ದೋಟಿಯಿಂದ ಒಂದು ಟೊಂಗೆ ಇಳಿಸಿ ಹೂವನ್ನು ಮಸೂರದಡಿ ಹಿಡಿದರು. ಅನುಮಾನ ಉಳಿಯಲಿಲ್ಲ. ನನಗೆ ಪದಕ ಬಂದಷ್ಟು ಸಂತೋಷವಾಯಿತು. ಸುತ್ತ ನೆರೆದವರಿಗೆ ನಾನೇ ಆ ಮರವನ್ನು ಹೆತ್ತವನ ಹಾಗೆ ವಿವರಿಸತೊಡಗಿದೆ. ಮೇಡಂ ಮಾತ್ರ ನಗಲಿಲ್ಲ.

“ಇದು ಹೆಣ್ಣು ಮರ,” ಎಂದರು. “ಈ ಜಾತಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡಿನ ಹೂವಿಂದ ಹುಳು ಪರಾಗ ತಂದ್ರೆ ಮಾತ್ರ ಕಾಯಿ. ಅಜ್ಜನ ಕಾಲದಲ್ಲಿ ಕಾಯಿ ಆಗ್ತಿತ್ತು ಅಂದ್ರೆ ಹತ್ತಿರದಲ್ಲೇ ಗಂಡು ಮರ ಇತ್ತು. ಈಗ ಎಲ್ಲಿದೆ?”

ಯಾರಿಗೂ ತಿಳಿದಿರಲಿಲ್ಲ. “ಶೆಲ್ಟರ್ ಆದ ಮೇಲೆ ನಾವು ಕಾಯಿ ಕಂಡದ್ದಿಲ್ರಾ. ಮುದಿಯಾಯ್ತು,” ಎಂದು ಒಬ್ಬರೆಂದರು. ರಸ್ತೆಯ ಪಕ್ಕದ ಬಸ್ ಶೆಲ್ಟರ್ ಕಟ್ಟಿದ್ದು ಊರಿನ ಲೆಕ್ಕದಲ್ಲಿ ಒಂದು ಶಕೆಯೇ ಸರಿ. ಮದುವೆ, ಸಾವು, ನೆರೆ ಎಲ್ಲವೂ ಶೆಲ್ಟರಿಗೆ ಮುಂಚೆ, ಇಲ್ಲವೇ ಆಮೇಲೆ. ಆ ಮಾತನ್ನು ನಾನು ಆ ದಿನ ತಾರೀಕಿನ ಹಾಗೆ ಕೇಳಿಕೊಂಡೆ. ಇನ್ನೇನೂ ಹೊಳೆಯಲಿಲ್ಲ.

ಮೇಡಂ ಹೊರಡುವಾಗ ನನಗೊಬ್ಬನಿಗೇ ಕೇಳುವಂತೆ ಹೇಳಿದರು. “ಗಂಡು ಸಿಗದಿದ್ರೆ ಈ ಮರದ ಸಂತಾನ ಇಲ್ಲಿಗೆ ಮುಗೀತು, ಅಜ್ಜಾ. ಬೇರೆ ಕಡೆಯಿಂದ ಸಸಿ ತಂದು ನೆಡಬಹುದು. ಅದು ಹೂ ಬಿಡೂವರೆಗೆ ಗಂಡೋ ಹೆಣ್ಣೋ ಗೊತ್ತಾಗೂದಿಲ್ಲ. ಅಷ್ಟರಲ್ಲಿ ಈ ಜಡ್ಡಿಯಲ್ಲಿ ನೀರು ಉಳೀತದೆ ಅಂತ ನನಗೆ ಧೈರ್ಯ ಇಲ್ಲ.” ಕೆಳಗಿನ ಗದ್ದೆಗಳಿಗೆ ಪಂಪು ಹಾಕಿದಂದಿನಿಂದ ಜಡ್ಡಿಯ ಒಂದು ಮಗ್ಗುಲು ಆಗಲೇ ಒಣಗಿ ಬಿರಿದಿತ್ತು.

ಆ ಬೇಸಿಗೆಯೆಲ್ಲ ನಾನು ಗಂಡು ಹುಡುಕಿದೆ. ಹೆಣ್ಣುಮಕ್ಕಳಿಲ್ಲದ ನನಗೆ ಈ ಯೋಗ ಎಪ್ಪತ್ತರ ಮೇಲೆ ಬಂತು ನೋಡಿ. ಹಳ್ಳದ ಗುಂಟ ಊರುಗೋಲು ಊರಿಕೊಂಡು, ಕಾಲಿಗೆ ಉಂಬಳ ಹತ್ತಿಸಿಕೊಂಡು, ಕೆಂಪು ಹಾಲಿನ ಮರ ಕಂಡಲ್ಲೆಲ್ಲ ತಲೆಯೆತ್ತಿ ನೋಡಿದೆ. ಸಾಧಾರಣ ರಾಮಪತ್ರೆ ಎರಡು ಸಿಕ್ಕವು. ಕಾಲುಬೇರಿನ ಮರ ಇನ್ನೊಂದು ಸಿಗಲಿಲ್ಲ. ಸಂಜೆ ಮನೆಗೆ ಬಂದಾಗ ಹೆಂಡತಿ, “ಹುಡುಗ ಒಪ್ಪದ್ನಾ?” ಎಂದು ಕೇಳಿ ಕಾಲಿಗೆ ಎಣ್ಣೆ ಕೊಡುತ್ತಿದ್ದಳು.

ಇಲ್ಲಿ ಕಿನ್ನರದ ಒಂದು ಹಲಸಿನ ಮರದ ಕತೆ ಹೇಳಬೇಕು. ನಮ್ಮ ಹಿತ್ತಲಿನ ಆ ಹಲಸು ಒಂದು ವರ್ಷ ಕಾಯಿ ಬಿಡಲಿಲ್ಲ. ಅಂಥ ಮರಕ್ಕೆ ನಮ್ಮಲ್ಲಿ ಹೆದರಿಸುವ ಪದ್ಧತಿಯಿತ್ತು. ಒಬ್ಬರು ಕೊಡಲಿ ಹಿಡಿದು ಬಂದು ಕಡಿಯುತ್ತೇನೆಂದು ಗದರಬೇಕು, ತೊಗಟೆಗೆ ಒಂದು ಸಣ್ಣ ಕಚ್ಚು ಹಾಕಬೇಕು. ಇನ್ನೊಬ್ಬರು ಅಡ್ಡ ಬಂದು ಮರದ ಪರವಾಗಿ ಬೇಡಿಕೊಳ್ಳಬೇಕು. ನಮ್ಮ ಅವ್ವ ಕೊಡಲಿ ಹಿಡಿದಳು. ಅಪ್ಪನ ತಂಗಿ, ನಮ್ಮ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳು.

“ತಿಂದು ಕೊಬ್ಬಿದೆ ಇದು. ಇವತ್ತು ಇದರ ಕತೆ ಮುಗಿಸ್ತೇನೆ.”

“ಬೇಡ ವಹಿನಿ, ಬಿಡು. ಬರೂ ವರ್ಷ ಬಿಡ್ತದೆ. ನಾನು ಹೊಣೆ.”

ನಾನು ಚಿಕ್ಕವನು. ಮರಕ್ಕೆ ಕೊಂಕಣಿ ತಿಳಿಯುತ್ತದೆಯೇ ಎಂದು ಕೇಳಿದೆ. ಅವ್ವ ಕೊಡಲಿ ಕೆಳಗಿಟ್ಟು ನನ್ನ ಬೆನ್ನಿಗೊಂದು ಕೊಟ್ಟಳು. ಮರದ ಎದುರು ನಗಬಾರದಂತೆ, ನಾಟಕವೆಂದು ಮರಕ್ಕೆ ಗೊತ್ತಾಗುತ್ತದಂತೆ. ಮರುವರ್ಷ ಹಲಸು ಬುಡದಿಂದಲೇ ಕಾಯಿ ಬಿಟ್ಟಿತು. ನನ್ನ ಮೊದಲ ಸಂಶಯಕ್ಕೆ ಆದ ಮೊದಲ ಸೋಲು ಅದು.

ಹಿಲ್ಲೂರಿಗೆ ಮರಳುತ್ತೇನೆ. ಜಡ್ಡಿಗೆ ತಾಗಿದ ಗದ್ದೆ ಬೊಮ್ಮು ಗೌಡರದು. ನನಗಿಂತ ಹಿರಿಯರು, ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ನಾನು ಬಸ್ಸಿನಲ್ಲಿದ್ದ ಕಾಲದಿಂದ ಪರಿಚಯ. ಹುಡುಕಿ ಸೋತು ಅವರ ಜಗುಲಿಯಲ್ಲಿ ಕುಳಿತು, ಇನ್ನು ನನ್ನ ಕೈಲಾಗುವುದಿಲ್ಲ, ಅಂಥ ಮರ ಇನ್ನೊಂದು ಎಲ್ಲಿಯೂ ಇಲ್ಲ ಎಂದೆ.

“ಇತ್ತಲ,” ಎಂದರು ಗೌಡರು ಕವಳ ಜಗಿಯುತ್ತ. “ಜೋಡಿ ಇತ್ತು. ಇದ್ರ ಬದಿಗೇ.”

ಬಸ್ಸಿನ ಬಿಡುವಿನಲ್ಲಿ ಕಾಯಿ ಬಿದ್ದ ಮರವನ್ನಷ್ಟೇ ನೋಡಿದ್ದ ನನಗೆ ಬದಿಯದರ ನೆನಪೇ ಇರಲಿಲ್ಲ.

“ಗೌಡ್ರೆ, ಬೇಸಿಗೆ ಪೂರಾ ನಿಮ್ಮ ಎದುರೇ ತಿರುಗಿದ್ದೆನಲ್ಲ. ಯಾಕೆ ಹೇಳಲಿಲ್ಲ?”

“ನೀವು ಇದ್ದದ್ದ ಹುಡುಕ್ತ್ರಿ ಅಂದ್ಕಂಡೆ. ಹೋದದ್ದ ಯಾರೂ ಕೇಳ್ಲಿಲ್ಲ.”

“ಏನಾಯಿತು ಅದಕ್ಕೆ?”

“ನಾನೇ ಕಡಿದೆ. ಅದು ಹುಟ್ಟದಾಗಿಂದ ಒಂದ್ ಕಾಯಿ ಬಿಟ್ಟದ್ದಲ್ಲ. ಹೂಂಗು ಬರ್ತಿತ್ತು, ಉದುರ್ತಿತ್ತು. ಬದೀಲಿ ಇದು ರಾಶಿ ಕಾಯಿ ಬಿಡ್ತಿತ್ತು. ಒಂದ್ ವರ್ಷ ಕೊಡಲಿ ತೋರ್ಸಿ ಕಚ್ಚು ಹಾಕಿದೆ. ನಮ್ಮ ಮನೆ ಹೆಂಗ್ಸು ‘ಬೇಡ, ಬಿಡಿ’ ಅಂದೆ ಅಡ್ಡ ನಿಂತಿತು. ಕಾಯಿ ಬಿಡ್ಲಿಲ್ಲ. ಮತ್ತೊಂದ್ ವರ್ಷಾನೂ ಹಾಕಿದೆ. ಆಗೂ ಇಲ್ಲ. ಮಾತು ಆಡದ್ ಮೇಲೆ ಕಡೀಬೇಕಲ. ಇಲ್ದಿದ್ರೆ ಉಳದ ಮರಕ್ಕೆ ಹೆದ್ರಿಕೆ ಹೋತದೆ.”

“ಕಡಿದು?”

“ಶೆಲ್ಟರ್ ಸ್ಲ್ಯಾಬಿನ ಅಡಿಗೆ ಕೊಡೂಕೆ ಸೆಂಟ್ರಿಂಗ್ ಹಲಗೆ ಬೇಕಾಗಿತ್ತು. ಮಿದು ಮರ, ಕೊಯ್ಯೂಕೆ ಸಸಾರ. ಊರ ಕೆಲ್ಸ ಅಂದೆ ಪುಕ್ಕಟೆ ಕೊಟ್ಟೆ. ಹಲಗೆ ಮತ್ತೆ ಬಚ್ಚಲೊಲೆಗೆ ಆಯ್ತು.”

ನಾನು ಅವರಿಗೆ ಗಂಡು ಹೆಣ್ಣಿನ ಸಂಗತಿ ಹೇಳಿದೆ. ಹೇಳಬಾರದಿತ್ತೋ ಏನೋ. ಪಪ್ಪಾಯಿಯ ಉದಾಹರಣೆ ಕೊಟ್ಟೆ. ನಮ್ಮ ಕಡೆ ಹಿತ್ತಲಿನ ಗಂಡು ಪಪ್ಪಾಯಿ ಕಡಿಯದ ಮನೆಯೇ ಇಲ್ಲ. ಎಲ್ಲೋ ಪಕ್ಕದ ಬೇಲಿಯಾಚೆ ಇನ್ನೊಂದು ಗಂಡು ಉಳಿದಿರುವುದರಿಂದ ನಮ್ಮ ಅಜ್ಞಾನ ನಮಗೆ ತಿಳಿಯುವುದಿಲ್ಲ. ಈ ಮರಕ್ಕೆ ಬೇಲಿಯಾಚೆ ಯಾರೂ ಇರಲಿಲ್ಲ.

ಗೌಡರು ಕವಳ ಉಗುಳಿ ಬಂದು ಕುಳಿತರು.

“ಅಂದ್ರೆ ಅದು ಗಂಡಾ?”

“ಹೌದು.”

“ಅದ್ಕೇ ಹೆದರ್ಲಿಲ್ಲ,” ಎಂದು ನಕ್ಕರು. ನಗು ನಿಂತಮೇಲೆ ಅಂಗಳದ ಕಡೆ ನೋಡುತ್ತ, “ಅದ್ರ ಕೈಲಾಗ್ದದ್ದ ಕೇಳ್ದೆ ನಾನು,” ಎಂದರು.

ಇದನ್ನು ಊರಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಬೊಮ್ಮು ಗೌಡರಿಗೆ ಅರಳುಮರಳು, ಕಂಡಕ್ಟರನಿಗೆ ಮೊದಲಿನಿಂದಲೂ ಹಟ. ಇಬ್ಬರು ಮುದುಕರು ಸೇರಿ ಒಂದು ಮರಕ್ಕೆ ಗಂಡನನ್ನು ಕಲ್ಪಿಸಿದ್ದಾರೆ ಎಂದು ಚಹದಂಗಡಿಯಲ್ಲಿ ನಗೆಯಾಯಿತು. ಮರ ಮುದಿಯಾಯಿತೆಂದರೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಆ ಮಾತಿನ ಬಲವಿರುವುದು ಅಲ್ಲಿ. ಮೇಡಂ ಬಂದುಹೋದ ಮೇಲೆ ಫಲಕ ನೆಟ್ಟಿದ್ದ ಅರಣ್ಯ ಇಲಾಖೆಯವರನ್ನು, ಅದನ್ನು ತಿದ್ದಿಸಿ ಎಂದು ಕೇಳಿದ್ದಕ್ಕೆ, ಇನ್ನೊಂದು ಮರ ಇತ್ತೆಂಬುದಕ್ಕೆ ಆಧಾರವೇನು ಎಂಬ ಪ್ರಶ್ನೆ ಬಂತು. ಬುಡ ಕೊಳೆತುಹೋಗಿತ್ತು. ಅದರ ಮೇಲೆ ಗದ್ದೆಯ ಬದು ಬಂದಿತ್ತು.

ಸುಜಾತಾ ಮೇಡಂ ನಂಬಿದರು. ನಂಬಿ, ಮರುವರ್ಷ ಹೂವಿನ ಕಾಲಕ್ಕೆ ಒಂದು ಪ್ರಯತ್ನವನ್ನೂ ಮಾಡಿದರು. ಘಟ್ಟದ ಮೇಲಿನ ದೂರದ ಜಡ್ಡಿಯೊಂದರಿಂದ ಗಂಡುಹೂಗಳ ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ಬಸ್ಸು ಬದಲಿಸಿ, ಮಡಿಲಲ್ಲಿ ಇಟ್ಟುಕೊಂಡು ತಂದರು. ಅಂಕೋಲೆಯ ನಿಲ್ದಾಣದಲ್ಲಿ ನಾನು ಜೊತೆಯಾದೆ. ಹಿಲ್ಲೂರಿನಲ್ಲಿ ಬಿಚ್ಚಿ ನೋಡಿದರೆ ಹೂಗಳೆಲ್ಲ ಕಪ್ಪಾಗಿ ಬಟ್ಟೆಗೆ ಅಂಟಿಕೊಂಡಿದ್ದವು. ಆದರೂ ಏಣಿ ಹಾಕಿಸಿ, ಕುಂಚದಿಂದ ಆದಷ್ಟನ್ನು ಸವರಿದರು. ಇಳಿದ ಮೇಲೆ ಬೇರಿನ ಮೇಲೆ ಕುಳಿತು ಕೈ ಒರೆಸಿಕೊಂಡರು.

ಆಗ ಬೊಮ್ಮು ಗೌಡರು ಬದುವಿನ ಮೇಲೆ ಬರುತ್ತಿರುವುದು ಕಂಡಿತು. ಹೆಗಲ ಮೇಲೆ ಕೊಡಲಿ.

“ನಿಮ್ದು ಆಯ್ತಲ. ಈಗ ನಮ್ದೊಂದ್ ಮಾಡಿ ನೋಡ್ವಾ,” ಎಂದರು. “ಫಲಕ ಅದೆ, ಕಚ್ಚು ಹಾಕೂದಿಲ್ಲ. ಹಿಂಬದೀಲಿ ತಟ್ಟೂದು ಅಷ್ಟೇ. ಹೇಳೂಕೆ ಮನೇಲಿ ಹೆಂಗ್ಸು ಇಲ್ಲ ಈಗ. ಕಂಡಕ್ಟರ್ರೆ, ನೀವು ಹೇಳಿ.”

ಅವರು ಕೊಡಲಿಯ ಹಿಂಬದಿಯನ್ನು ಮರಕ್ಕೆ ತಾಗಿಸಿದರು. ಸಣ್ಣ ಸದ್ದಾಯಿತು. “ಕಾಯಿ ಬಿಡ್ತ್ಯಾ ಇಲ್ಲಾ? ಕಡಿದೇ ಬಿಡ್ತೆ ನೋಡು,” ಎಂದರು. ದನಿ ಗಟ್ಟಿಯಾಗಿತ್ತು. ನಂತರ ನನ್ನ ಕಡೆ ತಿರುಗಿ ಕಾದರು.

ಬಾಲ್ಯದಲ್ಲಿ ಕೇಳಿದ ಮಾತು. ನಾಲಗೆಯ ತುದಿಯಲ್ಲೇ ಇತ್ತು. ಬೇಡ, ಬಿಡಿ, ಬರೂ ವರ್ಷ ಬಿಡ್ತದೆ, ನಾನು ಹೊಣೆ. ನನಗೆ ಆಡಲಾಗಲಿಲ್ಲ. ಬಿಡುವುದಿಲ್ಲವೆಂದು ತಿಳಿದವನು ಯಾವ ಬಾಯಿಂದ ಹೊಣೆ ಹೊರಬೇಕು? ಇಡೀ ಜನ್ಮ ಸುಳ್ಳನ್ನು ಅಟ್ಟಿಕೊಂಡು ತಿರುಗಿದವನಿಗೆ, ಒಂದು ಸುಳ್ಳು ಅಷ್ಟು ಬೇಕಾಗಿದ್ದ ಹೊತ್ತಿಗೆ, ಬಾಯಿ ಬರಲಿಲ್ಲ.

ಗೌಡರು ಕೊಡಲಿ ಎತ್ತಿ ಹಿಡಿದೇ ನಿಂತಿದ್ದರು. ಇಳಿಸುವ ಹಾಗಿಲ್ಲ. ಯಾರಾದರೂ ಬೇಡವೆನ್ನದೆ ಇಳಿಸಿದರೆ ಮರಕ್ಕೆ ನಾಟಕ ತಿಳಿಯುತ್ತದೆ.

ಸುಜಾತಾ ಮೇಡಂ ಎದ್ದರು. ಕಾಂಡಕ್ಕೆ ಬೆನ್ನು ಕೊಟ್ಟು ನಿಂತರು.

“ಬೇಡ ಗೌಡ್ರೆ, ಬಿಡಿ,” ಎಂದರು. “ಬರೂ ವರ್ಷ ಬಿಡ್ತದೆ.”

ಹೊಣೆಯ ಮಾತನ್ನು ಅವರೂ ಆಡಲಿಲ್ಲ. ಗೌಡರು ಕೊಡಲಿ ಇಳಿಸಿದರು. ಮೂವರಲ್ಲಿ ಯಾರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಬರುವ ವರ್ಷ ಬಂತು. ಅದು ಈ ವರ್ಷವೇ. ಹೂ ಬಿಟ್ಟಿತು, ಉದುರಿತು. ಒಂದು ಮಿಡಿಯೂ ನಿಲ್ಲಲಿಲ್ಲ. ಬೊಮ್ಮು ಗೌಡರು ಹಾಸಿಗೆ ಹಿಡಿದಿದ್ದಾರೆ. ಕಾಯಿ ಬಂತಾ ಎಂದು ಮನೆಯವರನ್ನು ಕೇಳುತ್ತಾರಂತೆ, ಬಂತೆಂದು ಅವರು ಹೇಳುತ್ತಾರಂತೆ. ಅವರನ್ನು ನೋಡಲು ಹೋದಾಗ ನನ್ನನ್ನೂ ಕೇಳಿದರು. ನಾನು ಬಸ್ಸಿನ ವೇಳೆಯಾಯಿತೆಂದು ಎದ್ದೆ. ಬಾಗಿಲು ದಾಟುವಾಗ ಹಿಂದಿನಿಂದ ಅವರ ದನಿ ಬಂತು: “ಸುಳ್ಳು ಮಾತಾಡೂಕೆ ಬರೂದಿಲ್ಲ ನಿಮ್ಗೆ. ಆ ಮರಕ್ಕೆ ಆಧಾರ ಕೇಳಿದ್ರಲ, ಕೊಡಲಿ ಗುರ್ತು ಎರಡು ಶೆಲ್ಟರ್ ಹಲಗೇಲಿ ಹಂಗೇ ಇತ್ತು. ಮೇಸ್ತ್ರಿ ಬೈದಿದ್ದ.”

ಶೆಲ್ಟರಿಗೆ ಬಂದು ಕುಳಿತೆ. ಬಸ್ಸು ತಡವಾಗಿತ್ತು. ಆ ಕಟ್ಟೆಯ ಮೇಲೆ ಎಷ್ಟೋ ಸಲ ಕುಳಿತಿದ್ದೇನೆ, ಚಹ ಕುಡಿದಿದ್ದೇನೆ, ಚಿಲ್ಲರೆಗಾಗಿ ಜಗಳವಾಡಿದ್ದೇನೆ. ತಲೆಯೆತ್ತಿ ನೋಡಿರಲಿಲ್ಲ. ಆ ದಿನ ನೋಡಿದೆ. ನೋಡಿದವನು ಕಟ್ಟೆಯ ಮೇಲೆ ಹತ್ತಿ ನಿಂತೆ.

“ಅಜ್ಜಾ, ಇಳೀರಿ ಮಾರಾಯ್ರೆ,” ಎಂದಳು ಬುಟ್ಟಿ ಹಿಡಿದು ಕುಳಿತ ಮೀನಿನ ಹೆಂಗಸು. “ಬಿದ್ರೆ ಯಾರ್ ಎತ್ತೂದು? ನಂಗೆ ಈ ಬುಟ್ಟಿನೇ ಸಾಕಾಗದೆ.”

ಸಂಶಯವಿರುವವರು ಅಂಕೋಲೆಯಿಂದ ಹಿಲ್ಲೂರಿನ ಬಸ್ಸು ಹತ್ತಬಹುದು. ಕೊನೆಯ ನಿಲ್ದಾಣದಲ್ಲಿ ಇಳಿದು ಶೆಲ್ಟರಿನ ಒಳಗೆ ಬರಬೇಕು. ಸ್ಲ್ಯಾಬಿನ ಅಡಿಗೆ ಸಿಮೆಂಟು ಗಿಲಾಯಿ ಮಾಡಿಲ್ಲ, ಸುಣ್ಣ ಬಳಿದಿಲ್ಲ. ಹಸಿ ಕಾಂಕ್ರೀಟು ಹಲಗೆಗಳನ್ನು ಒತ್ತಿಕೊಂಡು ಆರಿದ್ದು ಹಾಗೆಯೇ ಇದೆ. ಒಂದು ಹಲಗೆಯ ಪಕ್ಕಕ್ಕೆ ಇನ್ನೊಂದರ ಅಚ್ಚು, ಅದರೊಳಗೆ ಮರದ ನಾರಿನ ಉದ್ದನೆಯ ಗೆರೆಗಳು, ಟೊಂಗೆ ಒಡೆದಲ್ಲಿ ಸುಳಿಸುಳಿಯಾದ ಗಂಟು. ರಸ್ತೆಯ ಕಡೆಯ ಮೂಲೆಯಲ್ಲಿ, ಕಟ್ಟೆಯ ಮೇಲೆ ನಿಂತರೆ ಕೈಗೆ ಎಟುಕುವ ಅಂಚಿನ ಹಲಗೆಯ ಅಚ್ಚಿನಲ್ಲಿ, ಸಿಮೆಂಟಿನ ಎರಡು ಏಣುಗಳು ಸಣ್ಣದಾಗಿ ಎದ್ದಿವೆ. ಹಲಗೆಯಲ್ಲಿ ಕಚ್ಚು ಇದ್ದಲ್ಲಿ ಮಾತ್ರ ಸಿಮೆಂಟು ಹಾಗೆ ಏಳುತ್ತದೆ. ಒಂದು ಮೊದಲ ವರ್ಷದ್ದು, ಇನ್ನೊಂದು ಎರಡನೆಯ ವರ್ಷದ್ದು. ಬೆರಳಿಟ್ಟು ನೋಡಿ.